ಮೂರು ಮನೆಗೆ ಒಂದು ಹಗೆ

ಹೋದ ಸುಗ್ಗಿಯಲ್ಲಿ ಮಡಕಶಿರಾದ ನಮ್ಮ ಮನೆಗೆ ಒಬ್ಬ ಸಂಶೋಧಕಿ ಬಂದಿದ್ದಳು. ಯಾವುದೋ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದುತ್ತಿರುವ ಹೆಣ್ಣುಮಗಳು. ಹೆಗಲಲ್ಲಿ ಚೀಲ, ಚೀಲದಲ್ಲಿ ಪ್ರಶ್ನೆಗಳ ಕಟ್ಟು. ಮದ್ರಾಸ್ ಪ್ರಾಂತ್ಯದ ಕಾಲದಲ್ಲಿ ನಾನು ಗ್ರಾಮ ಜೀವನದ ವಿಚಾರಣೆಗೆಂದು ಮನೆಮನೆಗೆ ಹೋಗಿ ಪ್ರಶ್ನೆ ಕೇಳುವ ಕೆಲಸದಲ್ಲಿದ್ದೆನೆಂದು ಯಾರೋ ಅವಳಿಗೆ ಹೇಳಿದ್ದರಂತೆ. ಕಾಫಿ ಕುಡಿದು ಲೋಟ ಕೆಳಗಿಡುವ ಮೊದಲೇ ಕೇಳಿದಳು: "ಸಾರ್, ರಾಯದುರ್ಗದ ಕಡೆಯ ಹಳ್ಳಿಗಳಲ್ಲಿ ಮನೆಮನೆಗಳ ನಡುವೆ ತಲೆತಲಾಂತರದ ವೈರ ಇತ್ತು ಅಂತ ನಿಮ್ಮ ಕಾಲದ ವರದಿಯಲ್ಲಿ ಅಚ್ಚಾಗಿದೆ. ಅದಕ್ಕೆ ಕಾರಣ ಏನು?"

"ಅಚ್ಚಾದದ್ದನ್ನೆಲ್ಲ ನಂಬ್ತೀಯೇನಮ್ಮಾ?" ಎಂದೆ. ಹುಡುಗಿಯ ಮುಖ ಸಣ್ಣದಾಯಿತು. ಸಮಾಧಾನ ಮಾಡಿ, ಉತ್ತರ ಉದ್ದ ಇದೆ, ಬರೆದು ಕಳಿಸುತ್ತೇನೆ ಎಂದು ಹೇಳಿ ಕಳಿಸಿದೆ. ಇದೇ ಆ ಉತ್ತರ. ಅವಳಂತೆ ಪ್ರಶ್ನೆಗಳ ಕಟ್ಟು ಹೊತ್ತು ಹಳ್ಳಿಗಳಿಗೆ ಹೊರಡುವ ಉಳಿದವರೂ ಓದಿಕೊಳ್ಳಬಹುದು.

ನನ್ನದು ಹುಟ್ಟಾ ಅನುಮಾನದ ಸ್ವಭಾವ. ಬಸ್ಸು ಹತ್ತಿ ಕೂತ ಮೇಲೂ ಇದು ಹಿಂದೂಪುರದ್ದೇ ತಾನೆ ಎಂದು ಪಕ್ಕದವನನ್ನು ಕೇಳುತ್ತೇನೆ, ಅವನು ಹೌದೆಂದರೆ ಕಂಡಕ್ಟರನನ್ನು ಕೇಳುತ್ತೇನೆ. ನನ್ನ ಹೆಂಡತಿ ನನಗೆ ಅನುಮಾನಶಾಸ್ತ್ರಿ ಎಂದು ಹೆಸರಿಟ್ಟು ಎಷ್ಟೋ ಕಾಲವಾಯಿತು. ಆದರೆ ಈ ಕಸುಬಿನಲ್ಲಿ ನನ್ನ ಅನ್ನಕ್ಕೆ ದಾರಿಯಾದದ್ದು ಅದೇ ಗುಣ. ನೀವು ಪ್ರಶ್ನೆ ಮುಗಿಸುವ ಮೊದಲೇ ಯಾರಾದರೂ ಉತ್ತರ ಕೊಟ್ಟರೆ, ಅದು ನಿಮಗಾಗಿ ಮೊದಲೇ ಮಾಡಿಟ್ಟ ಉತ್ತರ. ಎರಡು ಮನೆಯವರು ಒಂದೇ ಸಂಗತಿಯನ್ನು ಅದೇ ಅದೇ ಮಾತಿನಲ್ಲಿ ಹೇಳಿದರೆ, ಹೇಳಿಕೊಟ್ಟವನೊಬ್ಬ ಹತ್ತಿರದಲ್ಲೇ ಎಲ್ಲೋ ಇದ್ದಾನೆ ಎಂದು ತಿಳಿಯಿರಿ.

ಹಾಗೆ ಹೇಳಿಕೊಟ್ಟವನನ್ನು ನಾನು ಮೊದಲು ಕಂಡದ್ದು ಹೇಮಾವತಿಯಲ್ಲಿ. ಕೆಲಸಕ್ಕೆ ಸೇರಿದ ಹೊಸತು. ಊರಿನ ಶಾನುಭೋಗರು ಎದುರು ಬಂದು ಕರೆದುಕೊಂಡು ಹೋದರು, ಎಳನೀರು ಕೊಟ್ಟರು, ಸಿದ್ದೇಶ್ವರ ಗುಡಿಯ ಜಗಲಿಯ ಮೇಲೆ ಚಾಪೆ ಹಾಸಿಸಿದರು. ನೀವು ಬಿಸಿಲಲ್ಲಿ ತಿರುಗುವುದೇಕೆ, ಒಬ್ಬೊಬ್ಬರನ್ನೇ ಇಲ್ಲಿಗೇ ಕರೆಸುತ್ತೇನೆ ಎಂದರು. ಎಂಥ ಒಳ್ಳೆಯ ಮನುಷ್ಯ ಎಂದು ನಾನು ಹಿಗ್ಗಿದೆ. ಬಂದವರೆಲ್ಲ ಕೈಮುಗಿದು ಕೂತು ಹೇಳಿದ್ದು ಒಂದೇ. ಊಟಕ್ಕೇನು? ಅನ್ನ. ಬೆಳಗ್ಗೆ? ಅನ್ನ. ರಾತ್ರಿ? ಅನ್ನವೇ ಸ್ವಾಮಿ. ಸುತ್ತ ಕಣ್ಣು ಹಾಯಿಸಿದಷ್ಟೂ ರಾಗಿ, ಶೇಂಗಾ ಹೊಲ, ಅಲ್ಲಲ್ಲಿ ಹಿಪ್ಪುನೇರಳೆ. ಭತ್ತದ ಗದ್ದೆ ಬೆರಳೆಣಿಕೆಗೂ ಕಾಣದು. ಇಷ್ಟು ಜನ ಮೂರು ಹೊತ್ತು ಅನ್ನ ಉಣ್ಣುವುದು ಎಲ್ಲಿಂದ?

ಮಧ್ಯಾಹ್ನ ಶಾನುಭೋಗರು ಊಟ ಮಾಡಿ ಅಡ್ಡಾದ ಹೊತ್ತು ನೋಡಿ ಮೆಲ್ಲಗೆ ಎದ್ದು ಹಿಂದಿನ ಬೀದಿಗೆ ಹೋದೆ. ಬೆಳಗ್ಗೆ ಅನ್ನವೆಂದು ಹೇಳಿ ಹೋಗಿದ್ದ ರೈತನ ಮನೆಯಲ್ಲಿ ಅವನ ಹೆಂಡತಿ ರಾಗಿ ಮುದ್ದೆ ತೊಳಸುತ್ತಿದ್ದಳು. ಅನ್ನ ಅಂದಿರಲ್ಲಮ್ಮಾ ಎಂದೆ. ಆಕೆ ಕೋಲು ಬಿಡದೆಯೇ ನಕ್ಕಳು.

"ಶಾನುಭೋಗ್ರನ್ನ ಪಕ್ಕದಾಗೆ ಕೂರಿಸ್ಕಂಡು ಕೇಳಿದ್ರೆ ಇನ್ನೇನ್ ಹೇಳಾನ ಸ್ವಾಮಿ? ಸರ್ಕಾರದೋರು ಬತ್ತಾವ್ರೆ, ಊರಿನ ಮರ್ಯಾದೆ ನೋಡ್ಕಳಿ ಅಂತ ಬೆಳಗ್ಗೆ ಎದ್ದೇಟ್ಗೇ ಮನೆಮನೆಗೂ ಹೇಳಿ ಹೋಗವ್ರೆ. ಅನ್ನ ನಾವು ಕಾಣಾದು ಹಬ್ಬದಾಗೆ."

ಬರೆದದ್ದನ್ನೆಲ್ಲ ಹೊಡೆದುಹಾಕಿ, ಇಡೀ ಊರನ್ನು ಮತ್ತೆ ಮನೆಮನೆಗೆ ಹೋಗಿ ಕೇಳಬೇಕಾಯಿತು. ಹಾಗೆ ಮಾಡೆಂದು ಹೇಳಿದವರು ನನ್ನ ಮೇಲಧಿಕಾರಿ, ಪಂತುಲುಗಾರು.

ಪಂತುಲು ಕೃಷ್ಣಾ ತೀರದ ತೆಲುಗರು. ಸಣಕಲು ದೇಹ, ದಪ್ಪ ಗಾಜಿನ ಕನ್ನಡಕ, ಮಾತು ಕಡಿಮೆ. ಕನ್ನಡವನ್ನು ಪುಸ್ತಕ, ನಿಘಂಟು ಇಟ್ಟುಕೊಂಡು ಕಲಿತಿದ್ದರು. ಆದ್ದರಿಂದ ಅವರ ಬಾಯಲ್ಲಿ ಅದು ಹರಿಕಥೆಯ ಕನ್ನಡವಾಗುತ್ತಿತ್ತು. ಪ್ರಶ್ನೆ ಕೇಳುವ ಮುನ್ನ ಜನರಿಗೆ ಓದಿ ಹೇಳಬೇಕಾದ ಒಂದು ವಚನವನ್ನು ಅವರೇ ರಚಿಸಿದ್ದರು: "ತಾವು ನಿವೇದಿಸುವ ಸಮಸ್ತ ಸಂಗತಿಗಳೂ ಗೋಪ್ಯವಾಗಿ ರಕ್ಷಿಸಲ್ಪಡುವುವು." ಇದನ್ನು ಕೇಳಿದ ಒಬ್ಬ ಮುದುಕಿ, "ಇದ್ಯಾವ ದೇವರ ಮಂತ್ರ ಸ್ವಾಮಿ?" ಎಂದು ಕೈಮುಗಿದಿದ್ದಳು. ಹೇಳಿದ್ದನ್ನು ಬೇರೆ ಯಾರಿಗೂ ಹೇಳುವುದಿಲ್ಲ ಎಂದು ನಾನು ಆಮೇಲೆ ಸರಳವಾಗಿ ಹೇಳತೊಡಗಿದೆ. ಆದರೆ ಆ ಮಾತು ನಿಜವೇ ಎಂಬ ಅನುಮಾನ ನನಗೂ ಇತ್ತು. ಸಂಬಳ ಕೊಡುತ್ತಿದ್ದವರು ಸರ್ಕಾರದವರು. ಅವರು ಕೇಳಿದರೆ ಪಂತುಲು ಕೊಡದೆ ಇರುತ್ತಾರೆಯೇ?

ನಾವು ಕೇಳಿ ಬರೆಯುತ್ತಿದ್ದುದು ಕನ್ನಡದಲ್ಲಿ. ಪಂತುಲು ಅದನ್ನು ಇಂಗ್ಲಿಷಿಗೆ ಮಾಡುತ್ತಿದ್ದರು. ಮಡಕಶಿರಾದ ಹಳ್ಳಿಗಳು ಮುಗಿಯುವ ಹೊತ್ತಿಗೆ ಒಂದು ದಿನ ಅವರು ತುಂಬ ದುಃಖದಲ್ಲಿದ್ದರು. ಈ ಸೀಮೆಯಲ್ಲಿ ತಾಯಂದಿರು ಅಕಾಲದಲ್ಲಿ ಸಾಯುತ್ತಿದ್ದಾರೆ, ಮೊಮ್ಮಕ್ಕಳನ್ನು ಅಜ್ಜಿಯರೇ ಸಾಕುತ್ತಿದ್ದಾರೆ, ಯಾವುದೋ ರೋಗ ಇರಬೇಕು ಎಂದು ತೆಲುಗಿನಲ್ಲಿ ಹೇಳಿ, ಅದರ ಬಗ್ಗೆ ಹಲವು ಹಾಳೆ ಬರೆದದ್ದನ್ನೂ ತೋರಿಸಿದರು. ನನಗೆ ತಲೆ ಬುಡ ತಿಳಿಯಲಿಲ್ಲ. ಮೂಲ ತೆಗೆದು ನೋಡಿದರೆ, ಮನೆಯಲ್ಲಿ ಯಾರ್ಯಾರಿದ್ದಾರೆ ಎಂಬ ಪ್ರಶ್ನೆಯ ಕೆಳಗೆಲ್ಲ "ನಾನು, ಅವ್ವ, ತಮ್ಮ" ಎಂದಿದೆ. ತೆಲುಗಿನಲ್ಲಿ ಅವ್ವ ಎಂದರೆ ಅಜ್ಜಿ. "ಅವ್ವ ಅಂದರೆ ನಮ್ಮಲ್ಲಿ ತಾಯಿ, ಪಂತುಲುಗಾರೂ. ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಬರೆದಿದ್ದ ಹಾಳೆಗಳನ್ನು ನನ್ನೆದುರೇ ಹರಿದರು. ಇನ್ನು ಮುಂದೆ ಜನ ಆಡಿದ ಮಾತನ್ನು ಆಡಿದ ಹಾಗೇ ಬರೆಯಿರಿ, ನಾನು ತಪ್ಪು ಮಾಡಿದರೆ ಹೀಗೇ ಹೇಳಿ ಎಂದರು. ಅವತ್ತಿನಿಂದ ನನಗೆ ಅವರ ಮೇಲೆ ಗೌರವ ಬಂತು. ಅನುಮಾನ ಮಾತ್ರ ಹೋಗಲಿಲ್ಲ.

ಅಲ್ಲಿಂದ ರಾಯದುರ್ಗಕ್ಕೆ ಹೋದೆವು. ಆಗ ಅದು ಬಳ್ಳಾರಿ ಜಿಲ್ಲೆ. ಎರಡನೇ ಮಹಾಯುದ್ಧ ಜೋರಾಗಿದ್ದ ಕಾಲ. ಸರ್ಕಾರ ರೈತರ ಕಾಳನ್ನು ಲೆವಿ ಎಂದು ಅಳೆದುಕೊಂಡು ಹೋಗುತ್ತಿತ್ತು. ಬಚ್ಚಿಟ್ಟಿದ್ದಾರೆಂಬ ಗುಮಾನಿ ಬಂದ ಮನೆಯ ಅಂಗಳದಲ್ಲಿ ಜವಾನರು ಕಬ್ಬಿಣದ ಸಲಾಕೆಯಿಂದ ನೆಲ ಕುಟ್ಟಿ, ಎಲ್ಲಿ ಟೊಳ್ಳು ಸದ್ದು ಬರುತ್ತದೆಂದು ಕೇಳುತ್ತಿದ್ದರು. ಇಂಥ ಹೊತ್ತಿನಲ್ಲಿ ಕೈಯಲ್ಲಿ ಕಾಗದ ಹಿಡಿದು ಹಳ್ಳಿಗೆ ಹೋದರೆ ಕಂಡ ಕಂಡ ಬಾಗಿಲು ಮುಚ್ಚುತ್ತಿದ್ದವು. ಪಂತುಲು ಒಂದು ಕಟ್ಟಪ್ಪಣೆ ಮಾಡಿದರು: ಕಾಳಿನ ಬಗ್ಗೆ ಏನನ್ನೂ ಕೇಳಕೂಡದು, ಕಾಪಾಡಲಾಗದ ಗುಟ್ಟನ್ನು ಕೇಳುವುದೇ ತಪ್ಪು. ಕೇಳಿದ್ದರೆ ಹೇಳುತ್ತಲೂ ಇರಲಿಲ್ಲ ಎನ್ನಿ.

ಗುಮ್ಮಘಟ್ಟದ ಹತ್ತಿರದ ಒಂದು ಸಣ್ಣ ಹಳ್ಳಿಯಲ್ಲಿ ಹನುಮಕ್ಕ ಎಂಬಾಕೆ ಇದ್ದಳು. ಗಂಡ ಸತ್ತ ಮೇಲೆ ಹೊಲ, ಕುರಿ ಎರಡನ್ನೂ ತಾನೇ ನೋಡಿಕೊಳ್ಳುತ್ತಿದ್ದ ಗಟ್ಟಿ ಹೆಂಗಸು. ನಾನು ಹೋದಾಗ ಪಡಸಾಲೆಯಲ್ಲಿ ಜೋಳ ಬೀಸುತ್ತಿದ್ದಳು. ಏಳಲಿಲ್ಲ, ಕೂತುಕೋ ಎನ್ನಲೂ ಇಲ್ಲ. ನಾನು ಮೊದಲ ಪ್ರಶ್ನೆ ಕೇಳಿದೆ, ಮನೆಯಲ್ಲಿ ಎಷ್ಟು ಜನ ಎಂದು.

"ನಿಮ್ಮ ಮನ್ಯಾಗ ಎಷ್ಟು ಮಂದಿ ಅದೀರಿ?" ಎಂದಳು.

ಹೇಳಿದೆ.

"ಯಾವೂರ್ರಿ? ಏನ್ ಉಣ್ತೀರಿ? ಹೆಂಡ್ತಿ ಕೂಡ ಜಗಳಾಡ್ತೀರೇನು?"

ಅದನ್ನೂ ಹೇಳಿದೆ. ಜಗಳದ ಮಾತಿಗೆ ಆಕೆ ತುಸು ನಕ್ಕಳು. ಆಮೇಲೆ ಬೀಸುವುದನ್ನು ನಿಲ್ಲಿಸಿ, "ನಾ ಹೇಳಿದ್ದು ಲೆವಿಯೋರ ಕಿವಿಗೆ ಬೀಳಂಗಿಲ್ಲ ಅಂತ ಈ ಕಲ್ಲು ಮುಟ್ಟಿ ಹೇಳ್ರಿ ಸಾಹೇಬ್ರ. ಅನ್ನ ಕೊಡೋ ಕಲ್ಲೈತಿ ಇದು, ನೆಪ್ಪಿರ್ಲಿ" ಎಂದಳು. ಬೀಸುವ ಕಲ್ಲಿನ ಮೇಲೆ ಅಂಗೈಯಿಟ್ಟು ಆಣೆ ಮಾಡಿದೆ. ಕೈಗೆಲ್ಲ ಹಿಟ್ಟು ಮೆತ್ತಿತು.

ಅದಾದ ಮೇಲೆ ನಾನು ಆಕೆಗೆ ಸಾಹೇಬನಿಂದ ತಮ್ಮನಾದೆ. ಪ್ರಶ್ನೆಗಳೆಲ್ಲ ಸರಾಗ ನಡೆದು ಕೊನೆಯದಕ್ಕೆ ಬಂದೆವು: ಊರಿನ ಬೇರೆ ಮನೆಗಳೊಡನೆ ನಿಮ್ಮ ಸಂಬಂಧ ಹೇಗಿದೆ? ಹನುಮಕ್ಕ ಎರಡು ಪಕ್ಕದ ಮನೆಗಳ ಕಡೆ ಕೈ ತೋರಿಸಿದಳು.

"ಮೂರು ಮನಿಗೆ ಕೂಡಿ ಒಂದು ಹಗೆ ಐತಿ ತಮ್ಮ. ನಮ್ಮ ಮಾವನ ಕಾಲದಿಂದ ಐತಿ. ಇನ್ನೇನ್ ಹೇಳ್ಲಿ, ಅದರ ಮ್ಯಾಲೇ ನಮ್ಮ ಬಾಳೇವು."

ಪಟ್ಟಣದಲ್ಲಿ ಬೆಳೆದವರಿಗೆ ಇಲ್ಲೊಂದು ಮಾತು ಹೇಳಬೇಕು. ಹಗೆ ಎಂದರೆ ವೈರ, ಅದು ಪುಸ್ತಕದ ಕನ್ನಡ. ಒಕ್ಕಲು ಮಕ್ಕಳಿಗೆ ಹಗೆ ಎಂದರೆ ನೆಲದೊಳಗೆ ತೋಡಿ, ಹುಲ್ಲು ಹೊದಿಸಿ ಜೋಳ ತುಂಬಿಡುವ ಹಗೇವು. ಹನುಮಕ್ಕ ನನ್ನನ್ನು ಹಿತ್ತಲಿಗೆ ಕರೆದೊಯ್ದು, ಚಪ್ಪಡಿ ಮುಚ್ಚಿ ಮೇಲೆ ಸಗಣಿ ಸಾರಿಸಿ, ಕುರಿ ಕಟ್ಟಿದ್ದ ಜಾಗವನ್ನು ಕಾಲಲ್ಲೇ ತೋರಿಸಿದಳು. ಯಾವ ಮನೆಗೆ ಕಡಿಮೆ ಬಿದ್ದರೂ ಮೂವರೂ ಕೂಡಿಯೇ ತೆಗೆಯಬೇಕು, ಒಬ್ಬರೇ ತೆಗೆಯುವಂತಿಲ್ಲ ಎಂಬುದು ಅವರ ಕಟ್ಟಳೆ. ತೆಗೆದ ಕೂಡಲೇ ಒಳಗೆ ಇಳಿಯುವಂತೆಯೂ ಇಲ್ಲ. ಮುಚ್ಚಿದ ಹಗೆಯಲ್ಲಿ ಕೆಟ್ಟ ಗಾಳಿ ಕಟ್ಟಿರುತ್ತದೆ, ಇಳಿದವನು ಉಸಿರುಗಟ್ಟಿ ಸಾಯುತ್ತಾನೆ.

"ಹಗ್ಗಕ್ಕ ದೀಪ ಕಟ್ಟಿ ಬಿಡ್ತೀವಿ. ಆರಿದ್ರ ಇಳಿಯಂಗಿಲ್ಲ. ಉರಿದ್ರ ಇಳೀಬೇಕು" ಎಂದಳು. ಮತ್ತೆ ದನಿ ತಗ್ಗಿಸಿ, "ಇದು ಹೋದ್ರ ಮೂರು ಮನಿ ಮಕ್ಳು ಬ್ಯಾಸಿಗಿ ಕಾಣಂಗಿಲ್ಲ ತಮ್ಮ" ಎಂದಳು.

ಪಂತುಲು ಹೇಳಿದ್ದರಲ್ಲ, ಆಡಿದ ಮಾತನ್ನು ಆಡಿದ ಹಾಗೇ ಬರೆಯಬೇಕೆಂದು. ಹಾಗೇ ಬರೆದೆ: ಮೂರು ಮನೆಗೆ ಕೂಡಿ ಒಂದು ಹಗೆ ಇದೆ, ಮಾವನ ಕಾಲದ್ದು. ಅಕ್ಕಪಕ್ಕದ ಹಳ್ಳಿಗಳಲ್ಲೂ ಆ ಕೊನೆಯ ಪ್ರಶ್ನೆಗೆ ಇಂಥವೇ ಉತ್ತರಗಳು ಬಂದವು. ಕಾಳಿನ ಬಗ್ಗೆ ಕೇಳಬೇಡಿ ಎಂದರೇನು, ನೆಂಟಸ್ತಿಕೆಯ ಬಗ್ಗೆ ಕೇಳಿದರೂ ಜನ ಕಾಳಿಗೇ ಬರುತ್ತಿದ್ದರು.

ಕೆಲವು ಮನೆಗಳಿಗೆ ಪಂತುಲು ತಾವೇ ಮತ್ತೊಮ್ಮೆ ಹೋಗಿ ಕೇಳಿಬರುವ ರೂಢಿಯಿತ್ತು. ಆ ಸಲ ನನ್ನನ್ನು ಬಿಟ್ಟು ಒಬ್ಬರೇ ಹೋದರು. ನಾನು ಮನೆಗಳಿಗೆ ಹೋಗದೆ ಜಗಲಿ ಮೇಲೆ ಕೂತೇ ಬರೆದುಬಿಟ್ಟಿದ್ದೇನೆಯೇ ಎಂದು ಪತ್ತೆ ಮಾಡಲು ಹೋಗಿದ್ದಾರೆ ಎಂದು ನನಗೆ ಸಿಟ್ಟು ಬಂತು. ಸಂಜೆ ಬಂದವರು ಕೈತೊಳೆಯಲು ಬಾವಿಕಟ್ಟೆಗೆ ಹೋದಾಗ ನೋಡಿದೆ, ಬಲ ಅಂಗೈಗೆ ಬಿಳಿ ಹಿಟ್ಟು ಮೆತ್ತಿತ್ತು. ಯಾರದೋ ಮನೆಯಲ್ಲಿ ರೊಟ್ಟಿ ಊಟ ಆಗಿದೆ, ನಮಗೆ ಮಾತ್ರ ಹಳ್ಳಿಯವರ ಮನೆಯಲ್ಲಿ ಉಣ್ಣಬೇಡಿ ಎಂದು ನಿಯಮ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಲೆವಿಯ ಅಧಿಕಾರಿ ರಾಯದುರ್ಗದ ನಮ್ಮ ಬಿಡಾರಕ್ಕೆ ಬಂದದ್ದು ಕೆಲವೇ ದಿನಗಳ ಮೇಲೆ. ದಕ್ಷಿಣದ ತಮಿಳರು, ಕನ್ನಡ ಬಾರದು, ತೆಲುಗು ಹರಕು ಮುರುಕು. ಹೊರಗೆ ಜಗಲಿಯಲ್ಲಿ ಅವರ ದಫೇದಾರ ನಿಂತಿದ್ದ, ಅವನು ಬಳ್ಳಾರಿ ಕಡೆಯವನು. ಅಧಿಕಾರಿ ಕುರ್ಚಿಯಲ್ಲಿ ಕೂತು, ನೀವು ಮನೆಮನೆ ಹೊಕ್ಕು ಬಂದಿದ್ದೀರಿ, ಯಾರ ಮನೆಯಲ್ಲಿ ಏನಿದೆ ಎಂದು ನಮಗಿಂತ ಚೆನ್ನಾಗಿ ಗೊತ್ತು, ಕಾಗದ ತೋರಿಸಿ ಎಂದರು. ಪಂತುಲು ಇಲ್ಲ ಎನ್ನುತ್ತಾರೆ, ಕನಿಷ್ಠ ಮೇಲಿನವರ ಅಪ್ಪಣೆ ತನ್ನಿ ಎನ್ನುತ್ತಾರೆ ಎಂದು ಕಾದೆ. ಅವರು ಎದ್ದು ಹೋಗಿ ಇಂಗ್ಲಿಷ್ ಹಾಳೆಗಳನ್ನೆಲ್ಲ ತಂದು ಅವರ ಮುಂದಿಟ್ಟರು! ಬೀಸುವ ಕಲ್ಲಿನ ಮೇಲೆ ಕೈಯಿಟ್ಟವನು ನಾನು, ಕೊಟ್ಟುಬಿಟ್ಟವರು ಇವರು.

ಅಧಿಕಾರಿ ಹಾಳೆ ತಿರುವಿ ಒಂದು ಕಡೆ ನಿಂತರು. ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿದರು. ಅದರ ಅರ್ಥ ಇಷ್ಟು: ಈ ಮೂರು ಮನೆಗಳ ನಡುವೆ ವೈರವಿದೆ, ಅದು ಮಾವನ ಕಾಲದಿಂದ ಬಂದದ್ದು. ಮುಂದಿನ ಹಾಳೆ, ಮತ್ತೆ ವೈರ. ಅದರ ಮುಂದಿನದು, ಎರಡು ಮನೆಗಳ ವೈರ.

ಅವ್ವನನ್ನು ಅಜ್ಜಿ ಮಾಡಿದ ಪಂತುಲು ಈಗ ಹಗೇವನ್ನು ಹಗೆತನ ಮಾಡಿಬಿಟ್ಟಿದ್ದರು. ತಪ್ಪು ಮಾಡಿದರೆ ಹೇಳಿ ಎಂದಿದ್ದರು. ಹೇಳಿದರೆ ಹನುಮಕ್ಕನ ಹಿತ್ತಲಿಗೆ ಸಲಾಕೆ ಬರುತ್ತದೆ.

"ಇದೇನಯ್ಯಾ, ಈ ಜನರಿಗೆ ಕಾಳಿಲ್ಲ, ಬರೀ ದ್ವೇಷವೇ ಇದೆಯಲ್ಲ!" ಎಂದು ಅಧಿಕಾರಿ ನಕ್ಕರು. ನಗುತ್ತಲೇ ನನ್ನ ಕಡೆ ತಿರುಗಿ, "ಬರೆದವನು ನೀನೇನು? ಜನ ನಿಜವಾಗಿ ಹೀಗೇ ಹೇಳಿದರೇನು?" ಎಂದು ತೆಲುಗಿನಲ್ಲಿ ಕೇಳಿದರು.

"ಅವರು ಆಡಿದ ಮಾತನ್ನೇ ಬರೆದಿದ್ದೇನೆ, ಸಾರ್" ಎಂದೆ. ಸುಳ್ಳಲ್ಲ.

ಕನ್ನಡದ ಮೂಲ ಕಾಗದಗಳು ಮೂಲೆಯ ಪೆಟ್ಟಿಗೆಯಲ್ಲಿದ್ದವು. ಅಧಿಕಾರಿಯ ಕಣ್ಣು ಅದರ ಮೇಲೆ ಹೋಯಿತು. ಪಂತುಲು ಒಂದು ಸಲ ಹಗೆ ಎಂಬ ಪದವನ್ನು ಬಾಯಿಬಿಟ್ಟು ಆಡಿದರೂ ಸಾಕಿತ್ತು, ಹೊರಗಿದ್ದ ದಫೇದಾರ ಕಿವಿ ನಿಮಿರಿಸುತ್ತಿದ್ದ. ಅವರು ತೆಲುಗಿನಲ್ಲಿ ವೈರಂ ವೈರಂ ಎಂದೇ ಹೇಳಿದರು. ಪೆಟ್ಟಿಗೆಯಲ್ಲಿರುವುದೂ ಇದೇ, ಅನುವಾದ ಮಾಡಿದವನು ನಾನೇ, ಅನುಮಾನವಿದ್ದರೆ ತೆಗೆಸುತ್ತೇನೆ ಎಂದು ಬೀಗದಕೈಯನ್ನೂ ಮುಂದೆ ಹಿಡಿದರು. ಅಧಿಕಾರಿ ಬೇಡವೆಂದು ಕೈಯಾಡಿಸಿ ಎದ್ದು ಹೋದರು.

ಆಮೇಲಿನ ವಾರಗಳು ನನಗೆ ಮುಳ್ಳಿನ ಮೇಲೆ ಕೂತ ಹಾಗಿದ್ದವು. ಹೇಳಲೇ, ಬಿಡಲೇ? ಹೇಳಿದರೆ ಪಂತುಲು ಆ ಅಧಿಕಾರಿಗೆ ತಿದ್ದುಪಡಿ ಕಳಿಸಿಯೇ ಕಳಿಸುತ್ತಾರೆ, ಅಷ್ಟು ಕಟ್ಟುನಿಟ್ಟಿನ ಮನುಷ್ಯ. ಬಿಟ್ಟರೆ ಆ ಸುಳ್ಳು ಅಚ್ಚಾಗುತ್ತದೆ, ಜನರ ಹೆಸರು ಕೆಡುತ್ತದೆ, ನನ್ನನ್ನು ನಂಬಿದ ಮೇಲಧಿಕಾರಿ ನಾಳೆ ಪಂಡಿತರ ಸಭೆಯಲ್ಲಿ ನಗೆಪಾಟಲಾಗುತ್ತಾರೆ.

ಕೆಲಸ ಮುಗಿದು ಪಂತುಲು ಕಾಗದಗಳೊಡನೆ ಮದ್ರಾಸಿಗೆ ಹೊರಟ ದಿನ ರಾಯದುರ್ಗದ ಸ್ಟೇಷನ್ನಿಗೆ ನಾನೂ ಹೋದೆ. ಬಳ್ಳಾರಿ ಗಾಡಿಗೆ ಇನ್ನೂ ಹೊತ್ತಿತ್ತು. ಅಕ್ಕಪಕ್ಕ ಯಾರೂ ಇಲ್ಲವೆಂದು ಒಂದು ಸಲ, ಮತ್ತೊಂದು ಸಲ ನೋಡಿಕೊಂಡು ಹೇಳಿಯೇಬಿಟ್ಟೆ: "ಪಂತುಲುಗಾರೂ, ಹಗೆ ಅಂದರೆ ವೈರ ಅಲ್ಲ. ಅಚ್ಚಿಗೆ ಹೋಗುವ ಮೊದಲು ತಿದ್ದಬೇಕು. ಆದರೆ ಆ ಲೆವಿಯವರಿಗೆ ಮಾತ್ರ ತಿಳಿಸಬೇಡಿ, ಕೈಮುಗಿಯುತ್ತೇನೆ."

ಪಂತುಲು ಬೆಂಚಿನ ಮೇಲೆ ಸರಿದು ಕೂತರು. ಆಮೇಲೆ ಅವರ ಬಾಯಿಂದ, ಹರಿಕಥೆಯ ಕನ್ನಡದ ಬಾಯಿಂದ, ಗುಮ್ಮಘಟ್ಟದ ಮಾತು ಬಂತು.

"ಹಗೆ ತೆಗೆದ ಕೂಡ್ಲೆ ಯಾರಾದ್ರೂ ಒಳಗ ಇಳೀತಾರೇನ್ರಿ? ದೀಪ ಬಿಟ್ಟು ನೋಡ್ಬೇಕ್ರಿ. ಇನ್ನಾ ದೀಪ ಆರ್ತೈತಿ."

ಅವರು ಬಲ ಅಂಗೈ ಬಿಚ್ಚಿ ತೋರಿಸಿದರು. ಅದರಲ್ಲಿ ಈಗ ಹಿಟ್ಟಿರಲಿಲ್ಲ.

"ಹನುಮಕ್ಕ ನನ್ನ ಕೈಯನ್ನೂ ಆ ಕಲ್ಲಿನ ಮೇಲೆ ಇಡಿಸಿದಳು" ಎಂದು ತೆಲುಗಿನಲ್ಲಿ ಹೇಳಿದರು. "ಕಾಗದ ಕೊಡುವುದಿಲ್ಲ ಅಂದಿದ್ದರೆ ಪೆಟ್ಟಿಗೆ ಒಡೆಸುತ್ತಿದ್ದರು. ಅದಕ್ಕೇ ಕೊಟ್ಟೆ."

ನನಗೆ ಸಿಟ್ಟು ಬಂತು. "ನನಗೊಂದು ಮಾತು ಹೇಳಬಾರದಿತ್ತೇ? ಎಷ್ಟು ದಿನ ಒದ್ದಾಡಿದೆ! ನನ್ನ ಮೇಲೂ ಅನುಮಾನವೇ?"

"ನಿಮ್ಮ ಮೇಲಲ್ಲ, ನಿಮ್ಮ ಮುಖದ ಮೇಲೆ" ಎಂದರು. "ಆ ಮುಖಕ್ಕೆ ಗೊತ್ತಿದ್ದಿದ್ದರೆ ಅಧಿಕಾರಿಗೆ ಹೇಳಿಬಿಡುತ್ತಿತ್ತು."

ಗಾಡಿ ಬಂತು, ಅವರು ಹತ್ತಿದರು. ವರದಿ ಹಾಗೇ ಅಚ್ಚಾಯಿತು. ಪಂತುಲು ಅದನ್ನು ತಿದ್ದುವ ಮೊದಲೇ ತೀರಿಕೊಂಡರು.

ಅವರು ಮಾಡಿದ್ದು ಸರಿಯೇ? ಮಾತಿಗೆ ಮಾತು ನಿಖರವಾಗಿರಬೇಕೆಂದು ನನಗೆ ಕಲಿಸಿದವರೇ ಗೊತ್ತಿದ್ದೂ ಒಂದು ಪದವನ್ನು ಕೆಡಿಸಿದರು. ಅದರಿಂದ ಮೂರು ಮನೆಯ ಜೋಳ ಉಳಿಯಿತು, ಆದರೆ ಆ ಹಳ್ಳಿಗಳಿಗೆ ಜಗಳಗಂಟರೆಂಬ ಹೆಸರು ಅಂಟಿಕೊಂಡಿತು. ವರ್ಗವಾಗಿ ಬಂದ ಪೊಲೀಸ್ ಅಧಿಕಾರಿಗಳು ಅದನ್ನೋದಿಕೊಂಡು ಜನರನ್ನು ಅನುಮಾನದ ಕಣ್ಣಿನಿಂದ ನೋಡಿದ್ದನ್ನು ನಾನೇ ಕಂಡಿದ್ದೇನೆ. ಪಂತುಲು ಅವರನ್ನು ನೆನೆದರೆ ನನಗೆ ಪ್ರೀತಿ ಉಕ್ಕುತ್ತದೆ, ಮಾಡಿದ್ದು ಪೂರ್ತಿ ಸರಿ ಎನ್ನಲು ಮಾತ್ರ ನಾಲಿಗೆ ಏಳುವುದಿಲ್ಲ. ಕೇಳುವ ಕೆಲಸಕ್ಕೆ ಬರುವವರು ಇಂಥ ಇಕ್ಕಟ್ಟು ತಮಗೆ ಬರುವುದಿಲ್ಲ ಎಂದುಕೊಳ್ಳಬೇಡಿ. ಈಗ ನಿಮ್ಮ ಕೈಯಲ್ಲಿ ಅಚ್ಚುಕಟ್ಟಾದ ಪ್ರಶ್ನಾವಳಿ ಇದೆ, ಮಾತು ಹಿಡಿಯುವ ಟೇಪು ಯಂತ್ರ ಇದೆ. ಆದರೂ ಎದುರಿಗೆ ಕೂತವರು ನಿಮ್ಮ ಕೈಯನ್ನು ಯಾವುದರ ಮೇಲೋ ಇಡಿಸಿಕೊಂಡೇ ಬಾಯಿ ಬಿಡುತ್ತಾರೆ.

ಯುದ್ಧ ಮುಗಿದ ಮೇಲೆ ಒಮ್ಮೆ ಆ ದಾರಿಯಲ್ಲಿ ಹೋದಾಗ ಹನುಮಕ್ಕನಿಗೆ ವಿಷಯ ತಿಳಿಸಿದೆ, ನಿಮ್ಮ ಮೂರು ಮನೆಗಳು ವೈರಿಗಳೆಂದು ಅಚ್ಚಾಗಿದೆ, ತಿದ್ದಿಸಲೇ ಎಂದು. ಪಕ್ಕದ ಮನೆಯ ಹೆಂಗಸೂ ಅಲ್ಲೇ ಕೂತು ಆಕೆಯ ಜೊತೆ ಜೋಳ ಹಸನು ಮಾಡುತ್ತಿದ್ದಳು. ಇಬ್ಬರೂ ಮೊರ ಕೆಳಗಿಟ್ಟು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ಹೆಸರು ಉಣ್ಣಾಕ ಬರ್ತೈತೇನು ತಮ್ಮ?" ಎಂದಳು ಹನುಮಕ್ಕ. "ಈಗ ಬ್ಯಾಡ. ಲೆವಿ ಇನ್ನಾ ನಿಂತಿಲ್ಲ. ನಾವು ಮೂರು ಮನ್ಯಾಗಿನ ಮುದುಕೇರು ಹೋದ ಮ್ಯಾಲೆ ಹೇಳು."

ಈಗ ಲೆವಿಯೂ ಇಲ್ಲ, ಆ ಮೂವರೂ ಇಲ್ಲ, ಹಗೇವು ಮುಚ್ಚಿ ಅದರ ಮೇಲೆ ಯಾರೋ ಮನೆ ಕಟ್ಟಿದ್ದಾರೆ. ನನ್ನ ಅನುಮಾನದ ಸ್ವಭಾವಕ್ಕೆ ತಕ್ಕಂತೆ ಒಂದಲ್ಲ, ಹಲವು ಸಲ ದೀಪ ಇಳಿಸಿ ನೋಡಿದ್ದೇನೆ. ಉರಿಯುತ್ತಿದೆ. ಆದ್ದರಿಂದ, ತಾಯಿ, ನೀನು ಕೇಳಿದ್ದಕ್ಕೆ ಉತ್ತರ ಇಷ್ಟೇ: ನಿನ್ನ ಹತ್ತಿರವಿರುವ ಆ ವರದಿಯಲ್ಲಿ ರಾಯದುರ್ಗದ ಪುಟಗಳನ್ನು ತೆಗೆದು, ವೈರ ಎಂದಿರುವ ಕಡೆಯಲ್ಲೆಲ್ಲ ಜೋಳ ಎಂದು ಓದಿಕೋ.